ಕಡಲ ದಂಡೆಯಲ್ಲಿ ಗದಗಿನ ಮಾತು

ಮೊದಲ ದಿನ ಪಾದ ಮುಳುಗುವಷ್ಟು ನೀರಿನಲ್ಲಿ ನಿಂತಿದ್ದೆ. ಅಲೆ ಬಂತು, ಹಿಂದಕ್ಕೆ ಹೋಯಿತು. ಹೋಗುವಾಗ ನನ್ನ ಕಾಲ ಕೆಳಗಿನ ಮರಳನ್ನೂ ಎಳೆದುಕೊಂಡು ಹೋಯಿತು. ಹಿಮ್ಮಡಿ ಕುಸಿದು, ಎರಡೂ ಕೈ ಅಗಲಿಸಿ, ಕುಡಿದವರ ಹಾಗೆ ತೂರಾಡಿದೆ. ಎಂಟು ವರ್ಷ ಸರೋವರಗಳಲ್ಲಿ ಹುಟ್ಟು ಹಾಕಿದವಳು ನಾನು. ನೀರು ನನಗೆ ಹೊಸದಲ್ಲ. ಆದರೆ ಇಲ್ಲಿ ನೆಲವೇ ಜಾರುತ್ತದೆ ಎಂದು ಯಾರೂ ಹೇಳಿರಲಿಲ್ಲ. ನಮ್ಮ ಕಳಸಾಪುರದ ಎರೆಮಣ್ಣು ನಿಮಗೆ ಗೊತ್ತಲ್ಲ, ಮಳೆಯಾದ ಮರುದಿನ ಹೊಲಕ್ಕೆ ಇಳಿದರೆ ಚಪ್ಪಲಿಯನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಅಂಥ ಮಣ್ಣಿನಿಂದ ಬಂದವಳಿಗೆ ಈ ಮರಳು ಬಹಳ ದಿನ ಅರ್ಥವಾಗಲಿಲ್ಲ.

ನಾನು ರೋಯಿಂಗಿಗೆ ಬಂದದ್ದು ಎತ್ತರದ ದೆಸೆಯಿಂದ. ಹುಡುಗಿಯಾಗಿದ್ದಾಗ ಮುಂಡರಗಿ ರಸ್ತೆಯಲ್ಲಿ, ಕಪ್ಪತಗುಡ್ಡದ ಎದುರುಗಾಳಿಗೆ ಸೈಕಲ್ ತುಳಿಯುತ್ತಿದ್ದೆ. ಕ್ರೀಡಾಶಾಲೆಯ ಆಯ್ಕೆಗೆ ಬಂದ ತರಬೇತುದಾರರೊಬ್ಬರು ನನ್ನನ್ನು ಗೋಡೆಗೆ ನಿಲ್ಲಿಸಿ ಅಳೆದು, ತೋಳು ಚಾಚಲು ಹೇಳಿ, ‘ಈಕೆ ದೋಣಿಗೆ’ ಎಂದರು. ಅವ್ವ ಕೇಳಿದ್ದು ಒಂದೇ ಮಾತು: “ದ್ವಾಣಿ ನಡಸಾಕ ನಮ್ಮೂರಾಗ ಹೊಳಿ ಎಲ್ಲೈತಿ?” ಅಲ್ಲಿಂದ ಮುಂದೆ ಊರೂರು ಸುತ್ತಿದೆ, ಪದಕ ತಂದೆ. ಕೊನೆಗೆ ಸೊಂಟದ ಡಿಸ್ಕ್ ಕೈಕೊಟ್ಟಿತು. ದೋಣಿ ಬಿಡಬೇಕಾಯಿತು. ದಕ್ಷಿಣ ಗೋವಾದ ಮೀನುಗಾರರ ಹಳ್ಳಿಯೊಂದರಲ್ಲಿ ಜಿಮ್ ನಡೆಸುತ್ತಿದ್ದ ಹಳೆಯ ಗೆಳತಿ ಕೋಚ್ ಆಗಿ ಬಾ ಎಂದಳು. ಬಂದೆ.

ಜಿಮ್ಮಿನಲ್ಲಿ ಕೆಲಸ ಸಿಕ್ಕಿತು, ಮನೆ ಸಿಗಲಿಲ್ಲ. ‘ಗದಗ’ ಎಂದೊಡನೆ ಮನೆಯವರ ಮುಖ ಬದಲಾಗುತ್ತಿತ್ತು. ನಮ್ಮ ಕಡೆಯಿಂದ ಇಲ್ಲಿಗೆ ಗಾರೆ ಕೆಲಸಕ್ಕೆ, ರಸ್ತೆ ಕೆಲಸಕ್ಕೆ ಬಂದವರೇ ಹೆಚ್ಚು. ‘ಯಾವ ಸೈಟಿನಲ್ಲಿ ಕೆಲಸ? ಎಷ್ಟು ಜನ ಇರುತ್ತೀರಿ?’ ಎಂದು ಬಾಗಿಲಲ್ಲೇ ಕೇಳುತ್ತಿದ್ದರು. ಐದನೇ ಮನೆಯ ಹೊತ್ತಿಗೆ ನಾನು ‘ಬೆಂಗಳೂರು’ ಎನ್ನುವುದನ್ನು ಕಲಿತಿದ್ದೆ. ಅದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಮನೆ ಕೊಡಿಸಿದ್ದು ಒಂದು ಹಗ್ಗ. ಇಲ್ಲಿ ರಾಂಪೊಣ್ ಎಂಬ ದೊಡ್ಡ ಬಲೆ ಉಂಟು. ಅದನ್ನು ಕಡಲಿನಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟು, ಎರಡೂ ತುದಿಯ ಹಗ್ಗ ಹಿಡಿದು ದಂಡೆಗೆ ಎಳೆಯುತ್ತಾರೆ. ಒಂದು ಬೆಳಿಗ್ಗೆ ಎಳೆಯುವವರು ಕಡಿಮೆ ಇದ್ದರು. ನಾನು ಸುಮ್ಮನೆ ಹೋಗಿ ಹಗ್ಗಕ್ಕೆ ಕೈ ಹಾಕಿದೆ. ಅವರು ನಕ್ಕರು. ಎಳೆಯುವುದು ನನಗೆ ಕಲಿತ ಕೆಲಸ: ತೋಳಿನಿಂದಲ್ಲ, ಕಾಲಿನಿಂದ ಎಳೆಯಬೇಕು. ಸ್ವಲ್ಪ ಹೊತ್ತಿಗೆ ನಗು ನಿಂತಿತು. ಬಲೆಯ ಒಡತಿ ತೆರೆಜಾ ಮಾವ್ಶಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಹಿಂದಿಯಲ್ಲಿ, “ಎಲ್ಲಿ ಇರುತ್ತೀಯಾ?” ಎಂದರು. ಎಲ್ಲಿಯೂ ಇಲ್ಲ ಎಂದೆ. ಊರು ಕೇಳಿದಾಗ ಅವರಿಗೂ ‘ಬೆಂಗಳೂರು’ ಎಂದೇ ಹೇಳಿದೆ. ಅಂದೇ ಅವರ ಹಿತ್ತಲ ಕೋಣೆಗೆ ನನ್ನ ಚೀಲ ಬಂತು. ಮಾವ್ಶಿ ಎಂದರೆ ಚಿಕ್ಕಮ್ಮ. ಇಲ್ಲಿ ವಯಸ್ಸಾದ ಹೆಂಗಸರನ್ನು ಹಾಗೆಯೇ ಕರೆಯುತ್ತಾರೆ.

ಆ ಹಿತ್ತಲಿನಿಂದಲೇ ನಾನು ಈ ಊರನ್ನು ನೋಡುತ್ತಾ ಹೋದೆ. ಮುಂಜಾನೆ ಸೈಕಲ್ ಮೇಲೆ ಪೋಂ ಪೋಂ ಎಂದು ಹಾರ್ನ್ ಒತ್ತುತ್ತಾ ಬರುವವನು ಪೊದೆರ್, ಅಂದರೆ ಪಾವ್ ಮಾರುವವ. ಬಸ್ಸು ಬಂತೆಂದು ಒಂದು ವಾರ ಬೆಚ್ಚಿಬಿದ್ದೆ. ಅವ್ವ ಕಳಿಸಿದ ಖಟಕ್ ರೊಟ್ಟಿಯನ್ನು ಮಾವ್ಶಿ ಮೇಜಿಗೆ ಕುಟ್ಟಿ ನೋಡಿ, ಇದು ತಿನ್ನುವುದೋ ಛಾವಣಿಗೆ ಹೊದಿಸುವುದೋ ಎಂದು ಕೇಳಿದರು. ಆಮೇಲೆ ಮೀನಿನ ಸಾರಿನಲ್ಲಿ ನೆನೆಸಿ ನಾಲ್ಕು ತಿಂದರು. ಒಮ್ಮೆ ಟಿ.ವಿ.ಯಲ್ಲಿ ಮಹದಾಯಿ ಸುದ್ದಿ ಬಂದಾಗ ಮಾತ್ರ ಅಡುಗೆಮನೆ ಬಿಗುವಾಯಿತು. “ನಿಮ್ಮವರು ನಮ್ಮ ನದಿ ಒಯ್ಯುತ್ತಾರಂತೆ” ಎಂದರು. ನಮ್ಮ ಊರಲ್ಲಿ ಎಂಟು ದಿನಕ್ಕೊಮ್ಮೆ ನಲ್ಲಿ ಬರುತ್ತದೆ ಎಂದೆ. ಅವರು ನಂಬಲಿಲ್ಲ. ಅವರ ಬಾವಿಯಲ್ಲಿ ಕೈಗೆ ನೀರು ಸಿಗುತ್ತಿತ್ತು.

ಕಡಲಲ್ಲಿ ಈಜಲು ಕಲಿಸಿದ್ದೂ ಅವರೇ. ಅಲೆಯ ಜೊತೆ ಜಗಳವಾಡಬೇಡ, ತಲೆ ತಗ್ಗಿಸಿ ಅದರ ಅಡಿಯಲ್ಲಿ ನುಸುಳು ಎನ್ನುತ್ತಿದ್ದರು. ಮೂಗಿನಲ್ಲಿ ಉಪ್ಪುನೀರು ತುಂಬಿ, ತಿಂಗಳುಗಟ್ಟಲೆ ಕೆಮ್ಮಿದೆ. ಈಜುತ್ತಾ ಸೊಂಟದ ನೋವು ಇಳಿಯಿತು. ಎರಡನೇ ವರ್ಷ ಟ್ರಯಥ್ಲಾನಿಗೆ ಹೆಸರು ಕೊಟ್ಟೆ. ಈಜು, ಸೈಕಲ್, ಓಟ ಮೂರನ್ನೂ ಬಿಡುವಿಲ್ಲದೆ ಮುಗಿಸುವ ಸ್ಪರ್ಧೆ ಅದು. ನೀರಿನಿಂದ ಕೊನೆಯವರ ಗುಂಪಿನಲ್ಲಿ ಎದ್ದು ಬಂದೆ. ಸೈಕಲ್ ಹತ್ತಿದ ಮೇಲೆ ಎದುರುಗಾಳಿ ಬೀಸಿತು. ಎಲ್ಲರೂ ಬೈದುಕೊಂಡರು, ನನಗೆ ಮುಂಡರಗಿ ರಸ್ತೆ ನೆನಪಾಗಿ ನಗು ಬಂತು. ದೋಣಿಯಲ್ಲಿ ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂತು ರೂಢಿಯಾದವಳಿಗೆ, ಮುಂದಿರುವವರನ್ನು ಒಬ್ಬೊಬ್ಬರಾಗಿ ನೋಡುತ್ತಾ ದಾಟುವುದೇ ಒಂದು ಹೊಸ ಸುಖ. ಆಮೇಲೆ ದಂಡೆಯಲ್ಲಿ ನನ್ನದೇ ಬೆಳಗಿನ ತರಗತಿ ಶುರುವಾಯಿತು. ದೊಡ್ಡ ಮನೆಗಳ ಹೆಂಗಸರು, ಮೀನು ಮಾರುವವರು, ಮಂಡಿ ನೋವಿನ ಮಾವ್ಶಿ, ಎಲ್ಲ ಸೇರಿ ಹನ್ನೆರಡು ಮಂದಿ. ಅವರ ಬಾಯಲ್ಲಿ ನಾನು ‘ನಮ್ಮ ಕೋಚ್’ ಆದೆ.

ಒಂದು ಬೆಳಿಗ್ಗೆ ತರಗತಿಗೆ ಮುಂಚೆ ಅವ್ವನ ಫೋನ್ ಬಂತು. “ಹೂಂ ಬೇ ಯವ್ವಾ, ಆರಾಮ ಅದೀನಿ, ಆಮ್ಯಾಲ ಮಾಡ್ತೀನಿ” ಎಂದು ಇಟ್ಟೆ. ತಿರುಗಿದರೆ, ಸೊಂಟಕ್ಕೆ ಬುಟ್ಟಿ ಒತ್ತಿಕೊಂಡ ನಲವತ್ತರ ಹೆಂಗಸೊಬ್ಬಳು ನಿಂತಿದ್ದಳು. ದಂಡೆಯ ಹಿಂದಿನ ತೋಟಕ್ಕೆ ಕಾಂಪೌಂಡ್ ಕಟ್ಟುವ ಗುಂಪಿನವಳು. ಮುಖವೆಲ್ಲ ಬೆಳಗಿತ್ತು.

“ಗದಗ ಕಡೀದವ್ರೇನ್ರಿ ಅಕ್ಕಾರ? ನಾವು ಶಿರಹಟ್ಟಿದವ್ರು.”

ಹನ್ನೆರಡು ಜೊತೆ ಕಣ್ಣು ನನ್ನ ಮೇಲಿದ್ದವು. ನಾನು ಕೈ ಆಡಿಸಿ, “ನಹೀ, ನಹೀ” ಎಂದೆ.

ಆಕೆ ಬುಟ್ಟಿ ತಲೆಗೇರಿಸಿಕೊಂಡು ಹೋದಳು. ನಾನು ಸೀಟಿ ಊದಿದೆ. ಅಂದು ವ್ಯಾಯಾಮದ ಎಣಿಕೆ ಮೂರು ಸಲ ತಪ್ಪಿತು.

ಮೂರು ದಿನ ಆ ಗೋಡೆಯ ಕಡೆ ಮುಖ ಮಾಡಲಿಲ್ಲ. ನಾಲ್ಕನೇ ದಿನ ಸಂಜೆ ಅದೇ ದಾರಿಯಲ್ಲಿ ಓಡುವಾಗ ತಗಡಿನ ಶೆಡ್ಡಿನಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿತು. ಕಾಲು ತಾನಾಗಿ ನಿಂತಿತು. ಆಕೆ ಒಲೆಯ ಮುಂದೆ ಕೂತಿದ್ದಳು. ಪಕ್ಕದಲ್ಲಿ ಪೇಂಟಿನ ಹಳೆ ಡಬ್ಬಿಯಲ್ಲಿ ಪುಂಡಿ ಸೊಪ್ಪು ಬೆಳೆದಿತ್ತು.

“ನಾ ಕಳಸಾಪುರದಾಕಿ” ಎಂದೆ. “ಅವತ್ತ ಸುಳ್ಳ ಹೇಳಿದೆ.”

ಆಕೆ ರೊಟ್ಟಿ ಮಗುಚಿ ಹಾಕಿದಳು. “ಫೋನಿನ್ಯಾಗ ಮಾತು ಕೇಳೇ ಅಂದ್ಕೊಂಡಿದ್ದೆ, ನೀವು ಅಲ್ಲ ಅಂದಾಗ ಖಾತ್ರಿ ಆತ್ರಿ. ಬ್ಯಾರೇದವ್ರಾಗಿದ್ರ ನಾ ಕೇಳಿದ್ದ ತಿಳೀತಿದ್ದಿಲ್ಲ.”

ನಾನು ನಿಂತೇ ಇದ್ದೆ.

“ಕುಂಡ್ರಿ, ರೊಟ್ಟಿ ಆರತಾವು” ಎಂದಳು. ಹೆಸರು ನೀಲವ್ವ. ಪುಂಡಿಪಲ್ಲೆ ಹಾಕಿ ಕೊಟ್ಟಳು. ತಿನ್ನುತ್ತಾ ಕೇಳಿದೆ, ಸಮುದ್ರಕ್ಕೆ ಹೋಗುತ್ತೀರಾ ಎಂದು.

“ವರ್ಷಾತ್ರಿ ಬಂದು. ದಿನಾ ಸಪ್ಪಳ ಕೇಳತೈತಿ. ಕಾಲಿಟ್ಟಿಲ್ಲ.”

“ಯಾಕ?”

“ಅದು ಅವರದಲ್ಲೇನ್ರಿ?”

“ಐತವಾರ ಬರ್ರಿ, ಬೆಳಿಗ್ಗೆ” ಎಂದೆ.

ಭಾನುವಾರ ನೀಲವ್ವ ಇನ್ನಿಬ್ಬರನ್ನು ಕರೆದುಕೊಂಡು ಬಂದಳು, ತಲೆಗೆ ಎಣ್ಣೆ ಹಚ್ಚಿ ಬಾಚಿ, ನೆಂಟರ ಮನೆಗೆ ಹೊರಟವರ ಹಾಗೆ. ತರಗತಿ ನಡೆಯುತ್ತಿತ್ತು. ದೊಡ್ಡ ಮನೆಯ ಹೆಂಗಸೊಬ್ಬರು ಕೊಂಕಣಿಯಲ್ಲಿ, ಇವರು ಯಾರು ಎಂದು ಕೇಳಿದರು. “ಮ್ಹಜ್ಯಾ ಗಾಂವ್ಚಿಂ” ಎಂದೆ. ನನ್ನ ಊರಿನವರು. “ನೀನು ಬೆಂಗಳೂರಿನವಳಲ್ಲವೇ?” ಎಂದರು. “ಅಲ್ಲ, ಗದಗಿನವಳು.” ಅವರು ಟವೆಲ್ ಮಡಚಿಕೊಂಡು ಹೊರಟರು. ಅವರ ಹಿಂದೆ ಇನ್ನೊಬ್ಬರು. ನಾನು ಮಾವ್ಶಿಯ ಕಡೆ ನೋಡಿದೆ. ಅವರು ಭಾಯ್ಲಿ, ಅಂದರೆ ಹೊರಗಿನವಳು, ಎಂಬ ಪದವನ್ನು ಎಷ್ಟೋ ಸಲ ಬಳಸಿದ್ದನ್ನು ನಾನು ಕೇಳಿದ್ದೆ. ಕೋಣೆ ಹೋದರೆ ಹೋಗಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ.

ಅಷ್ಟರಲ್ಲಿ ನೀಲವ್ವ ನೀರಿನ ಕಡೆ ಹೊರಟಿದ್ದಳು. ಮಾವ್ಶಿ ಕಿರುಚಿದರು: “ಅಲ್ಲಿ ಬೇಡ! ಅಲ್ಲಿ ಸೆಳೆತ!” ನೋಯುವ ಮಂಡಿ ಮರೆತು ಓಡಿ, ಆಕೆಯ ರಟ್ಟೆ ಹಿಡಿದು ಇಪ್ಪತ್ತು ಹೆಜ್ಜೆ ಆಚೆ ಎಳೆದುಕೊಂಡು ಹೋದರು. ತಮ್ಮ ಲಂಗ ಮೇಲೆ ಸಿಕ್ಕಿಸಿಕೊಂಡು, ನೀಲವ್ವನ ಸೀರೆಯನ್ನೂ ಸಿಕ್ಕಿಸಿ, ಅಲೆ ಬಂದಾಗ ಹೇಗೆ ಜಿಗಿಯಬೇಕೆಂದು ಜಿಗಿದು ತೋರಿಸಿದರು. ಒಬ್ಬರಿಗೆ ಕೊಂಕಣಿ, ಒಬ್ಬರಿಗೆ ಕನ್ನಡ. ಮೂರನೇ ಅಲೆಗೆ ಇಬ್ಬರೂ ಒಟ್ಟಿಗೆ ಬಿದ್ದರು. ನೀಲವ್ವ ಎದ್ದು, ತುಟಿ ನೆಕ್ಕಿ, ದಂಡೆಯಲ್ಲಿ ನಿಂತಿದ್ದ ಗೆಳತಿಯರಿಗೆ ಕೂಗಿ ಹೇಳಿದಳು: “ಖರೇನ ಉಪ್ಪ ಐತಿ ಬರ್ರೇ!”

ಹೋದ ಇಬ್ಬರು ಮತ್ತೆ ಬರಲಿಲ್ಲ. ತರಗತಿ ಚಿಕ್ಕದಾಯಿತು, ನಿಲ್ಲಲಿಲ್ಲ. ನನ್ನ ಕೋಣೆ ನನ್ನದಾಗಿಯೇ ಉಳಿಯಿತು. ಗೋಡೆ ಮುಗಿದ ಮೇಲೆ ನೀಲವ್ವನ ಗುಂಪು ಬಿತ್ತನೆಗೆಂದು ಊರಿಗೆ ಹೊರಟಿತು. ಪುಂಡಿಯ ಡಬ್ಬಿಯನ್ನು ಆಕೆ ಮಾವ್ಶಿಗೆ ಕೊಟ್ಟು ಹೋದಳು.

ಮಳೆಗಾಲ ಹಿಡಿದ ಮೇಲೆ ಒಂದು ಮಧ್ಯಾಹ್ನ ನಾನೂ ಮಾವ್ಶಿಯೂ ದೋಣಿಯ ಮೇಲೆ ತೆಂಗಿನ ಗರಿ ಹೊದಿಸುತ್ತಿದ್ದೆವು. ಅವ್ವನ ಫೋನ್ ಬಂತು. ಊರಲ್ಲಿ ಮೋಡ ಬರುತ್ತವೆ, ಹೋಗುತ್ತವೆ, ಹನಿ ಬಿದ್ದಿಲ್ಲ ಎಂದಳು. “ಅಲ್ಲಿ ಹೆಂಗ ಮಳಿ?”

“ನಮ್ಮೂರಾಗ ಭಾಳ ಛಲೋ ಆಗೈತಿ ಬೇ” ಎಂದೆ.

“ನಿಮ್ಮೂರಾಗ?” ಎಂದಳು. ಆಮೇಲೆ, “ಆತು, ನೆನೀಬ್ಯಾಡ” ಎಂದು ಅವ್ವ ಫೋನ್ ಇಟ್ಟಳು.

ಗರಿಗೆ ಹಗ್ಗ ಬಿಗಿಯುತ್ತಾ ಮಾವ್ಶಿ ಕೇಳಿದರು, ಅಮ್ಮ ಏನಂದರು, ಅಲ್ಲಿ ಮಳೆ ಬಂತಂತಾ? ನಾನು ಕೊಂಕಣಿಯಲ್ಲಿ ಹೇಳಿದೆ: “ಇಲ್ಲ ಮಾವ್ಶಿ, ನಮ್ಮ ಊರಲ್ಲಿ ಇನ್ನೂ ಇಲ್ಲ.”

ನಾಲಿಗೆ ಎರಡು ಸಲವೂ ತಡವರಿಸಲಿಲ್ಲ.