ಮೇಜಿನ ಈಚೆಗೆ ಕೂರುತ್ತಿದ್ದ ಟೀಚರ್

ನಾನು ಮನಃಶಾಸ್ತ್ರದಲ್ಲಿ ಎಂ.ಎಸ್ಸಿ. ಓದುವಾಗ ನಮಗೆ ಆಸ್ಪತ್ರೆಯಲ್ಲಿ ತರಬೇತಿ ಕೊಟ್ಟ ಟೀಚರ್ ಎಂದೂ ಮೇಜಿನಾಚೆ ಕೂತವರಲ್ಲ. ಕುರ್ಚಿ ಎಳೆದುಕೊಂಡು ರೋಗಿಯ ಪಕ್ಕಕ್ಕೇ ಬರುತ್ತಿದ್ದರು. ನಾವು ಯಾರ ಬಗ್ಗೆ ಏನೇ ಹೇಳಿದರೂ ಕನ್ನಡಕ ಹಣೆಗೇರಿಸಿ, "ಅವರನ್ನ ಕೇಳಿದ್ಯಾ?" ಅನ್ನುತ್ತಿದ್ದರು. ತರಗತಿಯಲ್ಲಿ ಮಲಯಾಳ, ಗಡಿ ಕಡೆಯವಳಾದ ನನ್ನೊಡನೆ ಮಾತ್ರ ಕನ್ನಡ.

ಕೊನೆಯ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕ, ರೋಗಿಯನ್ನೇ ಎದುರಿಗೆ ಕೂರಿಸಬೇಕೆಂದ. ನನ್ನ ರೋಗಿ ಗಡಿಗೆ ಹತ್ತಿರದ ನೂಲ್ಪುಳದ ಕಾಡಂಚಿನ ಆದಿವಾಸಿ ಹಾಡಿಯ ಹೆಂಗಸು. ಗಂಡನನ್ನು ಆನೆ ತುಳಿದು ಕೊಂದ ಮೇಲೆ ಮಾತೇ ನಿಲ್ಲಿಸಿದ್ದಳು. ವಾರಗಟ್ಟಲೆ ಜೊತೆಗೆ ಕೂತ ಮೇಲೆ ನನ್ನೊಡನೆ ಕನ್ನಡದಲ್ಲಿ ಒಂದೆರಡು ಮಾತಾಡತೊಡಗಿದ್ದಳು.

ಇಡೀ ತರಗತಿಯ ಮುಂದೆ ಆತ, "ಆನೆ ಹೇಗೆ ತುಳೀತು, ಹೇಳು," ಎಂದ. ಆಕೆ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು.

"ಅಳೋದನ್ನ ಗಮನಿಸಿ," ಎಂದು ಆತ ನಮ್ಮ ಕಡೆ ತಿರುಗಿದ.

ಟೀಚರ್ ಎದ್ದರು. "ಅವರನ್ನ ಕೇಳಿದ್ರಾ ಸಾರ್?"

"ಇದು ಪರೀಕ್ಷೆ. ನಿಮ್ಮ ಹುಡುಗಿದೇ ಮಾರ್ಕು ಹೋಗುತ್ತೆ."

ಟೀಚರ್ ನನ್ನತ್ತ ನೋಡಿದರು. "ಹೋಗ್ಲಿ ಟೀಚರ್," ಎಂದೆ.

ಅವರು ಆಕೆಯ ಮುಂದೆ ಬಗ್ಗಿ, "ಅಕ್ಕಾ, ಹೋಗಾಣ್ವಾ?" ಎಂದರು. ಆಕೆ ಅವರ ಕೈ ಹಿಡಿದು ಎದ್ದಳು. ಮೂವರೂ ಹೊರಗೆ ಬಂದೆವು.

ನನ್ನನ್ನು ಫೇಲ್ ಮಾಡಿದರು. ಮತ್ತೆ ಪರೀಕ್ಷೆಗೆ ಕೂತು ಪಾಸಾದೆ. ಆದರೆ ಟೀಚರ್ ಅವರ ಗುತ್ತಿಗೆ ಕೆಲಸವನ್ನು ಕಾಲೇಜು ಮುಂದುವರಿಸಲಿಲ್ಲ. ಶಿಸ್ತು ಸಾಲದು ಎಂದರಂತೆ. ಆ ಪರೀಕ್ಷಕ ಈಗ ಅದೇ ಕೋರ್ಸಿನ ಮುಖ್ಯಸ್ಥ. ರೋಗಿಯ ಘನತೆ ಎಂಬ ಪಾಠವನ್ನು ಅವನೇ ಮಾಡುತ್ತಾನೆ.