ಕರೆದೊಯ್ದವಳೇ ತಂದು ಬಿಡಬೇಕು

ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಈಗ ಬಜಾರಿಗೆ ಹೋಗುವಾಗ ಹಿಂದಿನ ಓಣಿ ಹಿಡಿಯುತ್ತಾಳೆ. ಆ ಓಣಿಯಲ್ಲಿ ಗಟಾರ ಒಡೆದು ಎಷ್ಟೋ ದಿನವಾಯಿತು, ಸೀರೆಯ ನೆರಿಗೆ ಎತ್ತಿ ಹಿಡಿದೇ ನಡೆಯಬೇಕು. ಮುಂದಿನ ರಸ್ತೆ ಅಗಲವಾಗಿದೆ, ಸಿಮೆಂಟಿನದು. ಆದರೆ ಆ ರಸ್ತೆಯಲ್ಲಿ ಪೈಪಿನ ಅಂಗಡಿ ಇದೆ. ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಮೊನ್ನೆ ಮೊನ್ನೆಯವರೆಗೆ ಕಂಪನಿ ಇತ್ತು.

ನಮ್ಮ ಮುದ್ದೇಬಿಹಾಳದಂಥ ಊರಿಗೆ ಕಂಪ್ಯೂಟರ್ ಕಂಪನಿ ಬರುತ್ತದೆ ಎಂದರೆ ಮೊದಲು ಯಾರೂ ನಂಬಿರಲಿಲ್ಲ. ಅವರಿಗೆ ಬೇಕಾಗಿದ್ದುದು ನಮ್ಮ ಮಾತು. ಎಲ್ಲೆಲ್ಲಿಯೋ ಜನ ಫೋನಿನಲ್ಲಿ ಆಡಿದ ಮಾತುಗಳು ತುಣುಕು ತುಣುಕಾಗಿ ಬರುತ್ತಿದ್ದವು. ಅದನ್ನು ಕಿವಿಗೆ ಹಾಕಿಕೊಂಡು ಕೇಳಿ, ಕೇಳಿದ ಹಾಗೆಯೇ ಅಕ್ಷರಕ್ಕೆ ಇಳಿಸಬೇಕು. ಅದನ್ನು ಓದಿ ಓದಿ ಯಂತ್ರ ನಮ್ಮ ಮಾತು ಕಲಿಯುತ್ತದಂತೆ. ಬೆಂಗಳೂರಿನವರಿಗೆ ಅದು ಕಷ್ಟ. ನಮ್ಮವರು ಆಡುವ ವೇಗಕ್ಕೆ ಅವರ ಕಿವಿ ಓಡುವುದಿಲ್ಲ. ನೆಗೆಣ್ಣಿಗೆ ಆ ಕೆಲಸ ಸಿಕ್ಕಿತು. ಅತ್ತೆ ಬೇಡವೆಂದರು. ಬೆಳಗಿನ ರೊಟ್ಟಿ ನಾನೊಬ್ಬಳೇ ಬಡಿಯುತ್ತೇನೆ ಎಂದ ಮೇಲೆ ಸುಮ್ಮನಾದರು. ನನಗೇನೂ ಭಾರವಾಗಲಿಲ್ಲ. ಸಂಜೆ ಅವಳು ಬಂದು ಚಪ್ಪಲಿ ಬಿಡುವ ಸದ್ದೇ ಬೇರೆಯಾಗಿತ್ತು, ಎರಡು ಚಪ್ಪಲಿಯೂ ಒಟ್ಟಿಗೆ ಬೀಳುತ್ತಿದ್ದವು.

ಕೆಲಸ ಹೆಚ್ಚಾದಾಗ ಕಂಪನಿಯವರು ಇನ್ನಷ್ಟು ಹೆಣ್ಣುಮಕ್ಕಳನ್ನು ಕರೆತರಲು ಅವಳಿಗೇ ಹೇಳಿದರು. ಹುಬ್ಬಳ್ಳಿ ಕಡೆಯ ಒಬ್ಬ ಹುಡುಗ ಅಲ್ಲಿ ಮೇಲ್ವಿಚಾರಕನಾಗಿದ್ದ. ಅವನು ಹೋಗಿ ಕೇಳಿದರೆ ಯಾರು ಕಳಿಸುತ್ತಾರೆ? ಇವಳೇ ಮನೆ ಮನೆಗೆ ಹೋದಳು, ಜೊತೆಗೆ ನನ್ನನ್ನೂ ಎಳೆದುಕೊಂಡು ಹೋದಳು. ಎಲ್ಲ ಅತ್ತೆಯರದ್ದೂ ಒಂದೇ ಮಾತು: "ನೀ ಕರ್ಕೊಂಡ ಹೊಂಟೀ, ನೀನ ತಂದ ಬಿಡಬೇಕು. ನಮಗ ಕಂಪನಿ ಗೊತ್ತಿಲ್ಲವ್ವಾ, ನೀ ಗೊತ್ತು." ನಮ್ಮಲ್ಲಿ ಹಾಗೇ. ಒಬ್ಬರ ಮನೆಯ ಹೆಣ್ಣನ್ನು ಜಾತ್ರೆಗಾಗಲಿ ದವಾಖಾನೆಗಾಗಲಿ ಕರೆದೊಯ್ದರೆ, ಕರೆದೊಯ್ದವಳೇ ಹೊಸ್ತಿಲ ತನಕ ತಂದು ಬಿಟ್ಟು, "ನಿಮ್ಮ ಮಗಳು ಬಂದ್ಲ ನೋಡ್ರಿ" ಎಂದು ಹೇಳಿಯೇ ತಿರುಗಬೇಕು.

ಬಸವನ ಬಾಗೇವಾಡಿಗೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ಅಲ್ಲಿಯ ಒಬ್ಬ ಹುಡುಗಿಯ ಮನೆಗೆ ನಾವು ಮೂರು ಸಲ ಹೋಗಬೇಕಾಯಿತು. ಹುಡುಗಿ ಮನೆಯಲ್ಲೇ ಓದಿ ಡಿಗ್ರಿ ಪರೀಕ್ಷೆ ಕಟ್ಟುತ್ತಿದ್ದಳು. ಸಿಂದಗಿಯಿಂದ ಒಂದು ಸಂಬಂಧ ಬಂದಿತ್ತು, ಸಾಲಿ ಮಾಸ್ತರ, ಒಳ್ಳೆಯ ಮನೆತನ. ಹುಡುಗಿ ನೆಗೆಣ್ಣಿಯ ಹಿಂದೆ ನಿಂತು ಅವಳ ಸೆರಗಿನ ತುದಿ ಹಿಡಿದುಕೊಂಡಿದ್ದಳು, ಸಣ್ಣ ಮಗುವಿನ ಹಾಗೆ.

"ಡಿಗ್ರಿ ಮುಗಿಯೂ ತನಕ ಲಗ್ನದ ಮಾತು ಬ್ಯಾಡ್ರಿ ಕಾಕೂ," ಎಂದಳು ನೆಗೆಣ್ಣಿ. "ಕೆಲಸ ಗಟ್ಟಿ ಐತಿ. ನಾ ಇದ್ದೀನಲ್ಲ."

ಹುಡುಗಿಯ ತಾಯಿ ಮೊರದ ಅಕ್ಕಿಯಲ್ಲಿ ಕಲ್ಲು ಆರಿಸಿ ಮುಗಿಸಿದಳು. ಆಮೇಲೆ ಮೊರ ಬದಿಗಿಟ್ಟು ಹೇಳಿದಳು: "ಸಿಂದಗಿಯವರಿಗೆ ಇಲ್ಲಂತ ಹೇಳಿ ಕಳಸ್ತೀವಿ. ಮಗಳನ್ನ ನಿನ್ನ ಉಡ್ಯಾಗ ಹಾಕೀನಿ. ನೋಡ್ಕೊ."

ಬಸ್ಸಿನಲ್ಲಿ ಬರುವಾಗ ನೆಗೆಣ್ಣಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. "ಅಕ್ಕಾ, ಉಡ್ಯಾಗ ಹಾಕೀನಿ ಅಂದ್ಳು," ಎಂದು ಒಮ್ಮೆ ಹೇಳಿದಳು. ಮಗಳನ್ನು ಮಡಿಲಿಗೆ ಒಪ್ಪಿಸಿದ ಆ ಮಾತಿಗೆ ಅವಳಿಗೆ ಹೆಮ್ಮೆಯೂ ಇತ್ತು, ಅಂಜಿಕೆಯೂ ಇತ್ತು.

ಆ ಹುಡುಗಿ ಕೆಲಸದಲ್ಲಿ ಎಲ್ಲರಿಗಿಂತ ಚುರುಕು. ಕುರಿ ಕಾಯುವ ಮುದುಕರ ಮಾತು, ಹಲ್ಲಿಲ್ಲದವರ ಮಾತು, ಮೋಟಾರಿನ ಸದ್ದಿನ ನಡುವೆ ಕೂಗಿದ್ದು, ಏನೇ ಬಂದರೂ ಎಲ್ಲರೂ ಅವಳನ್ನೇ ಕರೆಯುತ್ತಿದ್ದರು. ಊಟದ ಹೊತ್ತಿಗೆ ಪುಸ್ತಕ ತೆಗೆಯುತ್ತಿದ್ದಳು. ಎರಡು ವರ್ಷದ ಪರೀಕ್ಷೆ ಮುಗಿಸಿದಳು. ಒಂದು ವರ್ಷದ್ದು ಉಳಿದಿತ್ತು.

ಆಗ ಕಂಪನಿಯನ್ನು ಬೇರೆಯವರು ಕೊಂಡರು ಎಂಬ ಸುದ್ದಿ ಬಂತು. ದೊಡ್ಡ ಕಂಪನಿಯಂತೆ, ಹೊರದೇಶದ್ದಂತೆ. ನಮ್ಮ ಹೆಣ್ಣುಮಕ್ಕಳು ಖುಷಿಪಟ್ಟರು. ಹೊಸ ಮಾಲೀಕರು ಒಬ್ಬೊಬ್ಬರಿಗೂ ಒಂದೊಂದು ಸ್ಟೀಲಿನ ನೀರಿನ ಬಾಟಲಿ ಕಳಿಸಿದರು, ಮೇಲೆ ಹೊಸ ಕಂಪನಿಯ ಹೆಸರು ಕೆತ್ತಿದ್ದು. ಆ ವರ್ಷ ದಸರೆಯ ಖಂಡೆ ಪೂಜೆಗೆ ಕಂಪ್ಯೂಟರಿನ ಜೊತೆ ಬಾಟಲಿಗಳನ್ನೂ ಸಾಲಾಗಿ ಇಟ್ಟು ಕುಂಕುಮ ಹಚ್ಚಿದರು. ಹಳೆಯ ಬೋರ್ಡು ಕೆಳಗಿಳಿಸಿದ ಜಾಗದಲ್ಲಿ ಗೋಡೆ ಬೆಳ್ಳಗೆ ಚೌಕವಾಗಿ ಕಾಣುತ್ತಿತ್ತು. ಹೊಸ ಬೋರ್ಡು ಬರಲೇ ಇಲ್ಲ. ದಾರಿಯಲ್ಲಿ ಹೋಗುವಾಗಲೆಲ್ಲ ನನ್ನ ಕಣ್ಣು ಆ ಬಿಳಿ ಚೌಕಕ್ಕೆ ಹೋಗುತ್ತಿತ್ತು. ನೆಗೆಣ್ಣಿಗೆ ಹೇಳಿದರೆ, "ಬೋರ್ಡ್ ದೂರಿಂದ ಬರಬೇಕಲ್ಲಕ್ಕಾ," ಎನ್ನುತ್ತಿದ್ದಳು.

ಕೊನೆಗೆ ಒಂದು ದಿನ, ಹೊಸ ಮಾಲೀಕರು ಎಲ್ಲರ ಜೊತೆ ವಿಡಿಯೋ ಕರೆಯಲ್ಲಿ ಮಾತಾಡುತ್ತಾರೆ ಎಂದು ತಿಳಿಸಿದರು. ಇಂಗ್ಲಿಷಿನಲ್ಲಿ ಏನಾದರೂ ಕೇಳಿದರೆ ಜೊತೆಗಿರಲಿ ಎಂದು ನೆಗೆಣ್ಣಿ ನನ್ನನ್ನು ಕರೆದಿದ್ದಳು. ವಿಜಯಪುರದ ಕಾನ್ವೆಂಟಿನಲ್ಲಿ ಓದಿದ ನನ್ನ ಇಂಗ್ಲಿಷು ಇಷ್ಟು ದಿನ ಔಷಧಿ ಡಬ್ಬಿ ಓದುವುದಕ್ಕೆ, ಮಕ್ಕಳ ಪಾಠಕ್ಕೆ ಬಿಟ್ಟರೆ ಬೇರೆ ಯಾತಕ್ಕೂ ಬಂದಿರಲಿಲ್ಲ. ನಾನೂ ಇಸ್ತ್ರಿ ಸೀರೆ ಉಟ್ಟು, ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ಹೋದೆ.

ಹೋದಾಗ ಎಲ್ಲರೂ ನೆಲದ ಮೇಲೆ ಕೂತು ಒಬ್ಬರಿಗೊಬ್ಬರು ಜಡೆ ಹಾಕಿಕೊಳ್ಳುತ್ತಿದ್ದರು. ಬೆಳಗಿನಿಂದ ಪಾಸ್‌ವರ್ಡ್ ಎಷ್ಟು ಸಲ ಹಾಕಿದರೂ ಯಾರ ಕಂಪ್ಯೂಟರೂ ಒಳಗೆ ಬಿಡುತ್ತಿರಲಿಲ್ಲ.

"ನೆಟ್ ಹೋಗೇತ್ರಿ ವೈನಿ," ಎಂದಳು ಟಯರ್ ಅಂಗಡಿಯವರ ಸೊಸೆ. "ರಸ್ತೇದಾಗ ಮತ್ತ ಅಗದಾರ ಕಾಣಸ್ತೈತಿ."

"ಬಂದಾಗ ಬರ್ಲಿ ಬಿಡ. ಇಲ್ಲೇ ಹೀಂಗ ಕುಂತ ಪಗಾರ ತಗೊಳೂಣು," ಎಂದು ಇನ್ನೊಬ್ಬಳು. ಎಲ್ಲರೂ ನಕ್ಕರು.

ನಮ್ಮ ಊರಿನಲ್ಲಿ ಕರೆಂಟು ಹೋಗುತ್ತದೆ, ನೀರು ಹೋಗುತ್ತದೆ, ನೆಟ್ಟೂ ಹೋಗುತ್ತದೆ. ಹೋದದ್ದು ಬರುವ ತನಕ ಕೂತಿರುವುದು ನಮಗೆಲ್ಲ ರೂಢಿ. ಹಾಗಾಗಿ ಯಾರಿಗೂ ಬೇರೇನೂ ಹೊಳೆಯಲಿಲ್ಲ. ನನಗೆ ಮಾತ್ರ ಗೋಡೆಯ ಮೇಲಿನ ಪೆಟ್ಟಿಗೆ ಕಂಡಿತು. ಅದರ ಹಸಿರು ದೀಪ ಎಂದಿನಂತೆ ಮಿಣುಕುತ್ತಿತ್ತು.

"ನೆಟ್ ಐತೆಲ್ಲ," ಎಂದೆ ನೆಗೆಣ್ಣಿಗೆ ಮೆಲ್ಲಗೆ. ಅವಳು ದೀಪ ನೋಡಿದಳು. ಮೂಲೆಯಲ್ಲಿ ನಿಂತಿದ್ದ ಮೇಲ್ವಿಚಾರಕ ಹುಡುಗನನ್ನು ನೋಡಿದಳು. ಅವನು ತನ್ನ ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟುತ್ತಿದ್ದ.

ಕಂಪ್ಯೂಟರು ತೆರೆಯದಿದ್ದುದರಿಂದ ಕರೆ ನೆಗೆಣ್ಣಿಯ ಫೋನಿಗೇ ಬಂತು. ಫೋನನ್ನು ಹೋಳಿಗೆಯ ಡಬ್ಬಿಗೆ ಆನಿಸಿ ನಿಲ್ಲಿಸಿದರು. ಎಲ್ಲರೂ ಸೆರಗು ಸರಿಮಾಡಿಕೊಂಡು ಎದ್ದು ನಿಂತು "ನಮಸ್ಕಾರ್ರಿ" ಎಂದರು. ಪರದೆಯ ಮೇಲಿದ್ದ ಹೆಣ್ಣುಮಗಳಿಗೆ ಅದು ಕೇಳಿಸಲಿಲ್ಲ; ನಮ್ಮ ಕಡೆಯ ಧ್ವನಿಯನ್ನು ಮೊದಲೇ ಬಂದ್ ಮಾಡಿದ್ದರು. ಆಕೆಯ ಹಿಂದೆ ಪುಸ್ತಕದ ಕಪಾಟಿನ ಚಿತ್ರ. ಆಕೆ ತಲೆ ಹೊರಳಿಸಿದಾಗಲೆಲ್ಲ ಒಂದು ಕಿವಿ ಆ ಚಿತ್ರದೊಳಗೆ ಕರಗಿ ಹೋಗಿ ಮತ್ತೆ ಬರುತ್ತಿತ್ತು.

ಆಕೆ ಓದುತ್ತಿದ್ದಳು. ಬಹಳ ಒಳ್ಳೆಯ ಇಂಗ್ಲಿಷು. ನಮ್ಮ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದೂ ಇಂಥದ್ದನ್ನೇ: ಧ್ವನಿ ಏರಿಸಬಾರದು, ಮೊದಲು ಧನ್ಯವಾದ ಹೇಳಬೇಕು. ಆಕೆ ಎಷ್ಟು ಸಲ ಧನ್ಯವಾದ ಹೇಳಿದಳೆಂದರೆ ಬಾಗೇವಾಡಿ ದಾರಿಯ ಹುಡುಗಿ ನನ್ನ ಮೊಣಕೈ ಮುಟ್ಟಿ, "ಹೊಗಳಾಕತ್ತಾಳೇನ್ರಿ?" ಎಂದು ಪಿಸುಗುಟ್ಟಿದಳು.

ಎಲ್ಲರ ಕಣ್ಣೂ ನನ್ನ ಮುಖದ ಮೇಲಿತ್ತು. ಕರೆ ನಿಂತಿತು. ಯಾರೂ ಕೂರಲಿಲ್ಲ.

"ಏನಂದ್ಲ ಅಕ್ಕಾ?" ಎಂದಳು ನೆಗೆಣ್ಣಿ.

ಆ ಹೆಣ್ಣುಮಗಳು ಹೇಳಿದ್ದನ್ನು ಹಾಗೇ ಕನ್ನಡದಲ್ಲಿ ಹೇಳಲು ನೋಡಿದೆ, ಬರಲಿಲ್ಲ. ಆಕೆಯ ಮಾತಿನಲ್ಲಿ ಯಾರು ತೆಗೆದರು, ಯಾಕೆ ತೆಗೆದರು ಎಂಬುದು ಎಲ್ಲೂ ಇರಲಿಲ್ಲ. ಕೊನೆಗೆ ನಮ್ಮ ಮಾತಿನಲ್ಲೇ ಹೇಳಿದೆ: "ಎಲ್ಲಾರ್ನೂ ಕೆಲಸದಿಂದ ತಗದಾರವ್ವಾ. ಇವತ್ತಿಂದನ. ಇಲ್ಲಿ ಅಷ್ಟ ಅಲ್ಲ, ಎಲ್ಲಾ ಊರಾಗೂ."

"ನಾವೇನ್ ತಪ್ಪ ಮಾಡೀವ್ರಿ?" ಎಂದು ಒಬ್ಬಳು ಕೇಳಿದಳು. ಅವಳು ಕೇಳಿದ್ದು ಫೋನನ್ನು ನೋಡಿಕೊಂಡು.

ಮೇಲ್ವಿಚಾರಕ ಹುಡುಗ ಮೆಟ್ಟಿಲ ಮೇಲೆ ಹೋಗಿ ಕೂತ. ಅವನನ್ನೂ ತೆಗೆದಿದ್ದರು. ಅದು ಅವನಿಗೆ ಬೆಳಗ್ಗೆಯೇ ಗೊತ್ತಿತ್ತು, ಹೇಳುವ ಹಾಗಿರಲಿಲ್ಲವಂತೆ. ಟಯರ್ ಅಂಗಡಿಯವರ ಸೊಸೆ ಒಂದು ಹೋಳಿಗೆ ಕಾಗದದಲ್ಲಿಟ್ಟು ಅವನ ಕೈಗೆ ಕೊಟ್ಟು ಬಂದಳು. ಉಳಿದವರು ಸಾಮಾನು ತೆಗೆದರು. ಚಟ್ನಿಪುಡಿಯ ಡಬ್ಬಿ, ಬಾಚಣಿಕೆ, ಕುರ್ಚಿಗೆ ಹೊಲಿದಿದ್ದ ದಿಂಬು. ಬಾಟಲಿ ಒಯ್ಯಬೇಕೋ ಬಿಡಬೇಕೋ ಯಾರಿಗೂ ಗೊತ್ತಾಗಲಿಲ್ಲ. ಕೊನೆಗೆ ಒಯ್ದರು.

"ನಡೀರಿ, ನಾ ಬರ್ತೀನಿ," ಎಂದಳು ನೆಗೆಣ್ಣಿ.

"ಬ್ಯಾಡ್ರಿ ಅಕ್ಕಾ, ನಾವ ಹೋಗ್ತೀವಿ. ನೀವ್ಯಾಕ ಬೈಸ್ಕೋತೀರಿ?"

"ನಾ ಕರ್ಕೊಂಡ ಬಂದೀನಿ. ನಾನ ಬಿಡಬೇಕು."

ಹಾಗೆ ಮೆರವಣಿಗೆಯ ಹಾಗೆ ನಾವು ಓಣಿ ಓಣಿ ತಿರುಗಿದೆವು. ಒಂದೊಂದು ಹೊಸ್ತಿಲಿಗೂ ನಿಂತು ನೆಗೆಣ್ಣಿ ಅದೇ ಮಾತು ಹೇಳಿದಳು: "ನಿಮ್ಮ ಮಗಳು ಬಂದ್ಲ ನೋಡ್ರಿ. ಕೆಲಸ ಮುಗೀತ್ರಿ." ಟಯರ್ ಅಂಗಡಿಯ ಮನೆಯ ಅತ್ತೆ ಅವಳ ಬೆನ್ನ ಮೇಲೆ ಕೈಯಾಡಿಸಿ, "ಇದ್ರಾಗ ನಿಂದೇನೈತಿ ಬೇಟಿ? ಒಳಗ ಬಾ, ಚಾ ಕುಡಿ," ಎಂದರು. ಇನ್ನೊಂದು ಮನೆಯ ಅತ್ತೆಗೆ ಸಂತೋಷವೇ ಆಯಿತು: "ಚಲೋ ಆತ ತಗೋ. ಎಮ್ಮಿ ಹಿಂಡಿ ಹಿಂಡಿ ನನ್ನ ಕೈ ಬಿದ್ದ ಹೋಗ್ಯಾವ." ಮತ್ತೊಬ್ಬರು ಓಣಿಗೆಲ್ಲ ಕೇಳುವ ಹಾಗೆ ಕೂಗಿದರು: "ಕಂಪೂಟರ್ ಬಾಯಿ ಬಂದ್ಲ ನೋಡ್ರಿ! ಕಸಬರಿಗಿ ಹಿಡಿಯೂದ್ ಮರತಿಲ್ಲ ಹೌದಿಲ್ಲೋ ಕೇಳ್ರಿ!" ಸೊಸೆ ಬಾಟಲಿಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಒಳಗೆ ಹೋದಳು.

ಕೊನೆಗೆ ನಾವು ಮೂವರೇ ಬಸ್ಸು ಹತ್ತಿದೆವು. ಕಾಲುವೆ ನೀರು ಬಂದ ಮೇಲೆ ಆ ಕಡೆ ಹೊಲವೆಲ್ಲ ಹಸಿರು. ಹುಡುಗಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅದರೊಳಗಿನ ಪುಸ್ತಕದ ಅಂಚನ್ನು ಬೆರಳಿನಿಂದ ಸವರುತ್ತಿದ್ದಳು. "ಒಂದ ವರ್ಷರಿ ಅಕ್ಕಾ," ಎಂದಳು. "ಅವ್ವಗ ಹೇಳ್ರಿ. ನಿಮ್ಮ ಮಾತ ಕೇಳ್ತಾಳ."

ತಾಯಿ ಅಂಗಳದಲ್ಲಿ ಉಳ್ಳಾಗಡ್ಡಿ ಹರವುತ್ತಿದ್ದಳು. ನಡು ಹೊತ್ತಿನಲ್ಲಿ ಮಗಳನ್ನು ಕಂಡಾಗಲೇ ಅವಳಿಗೆ ತಿಳಿಯಿತು ಅನಿಸುತ್ತದೆ. ನೆಗೆಣ್ಣಿ ಹೇಳಬೇಕಾದ ಮಾತು ಹೇಳಿದಳು. ಆಮೇಲೆ, "ಕಾಕೂ, ಒಂದ ವರ್ಷ ತಡೀರಿ. ಪರೀಕ್ಷೆ ಮುಗೀಲಿ. ನಾ ಏನರೆ ಮಾಡ್ತೀನಿ," ಎಂದಳು.

"ಏನ್ ಮಾಡ್ತೀ?"

ನೆಗೆಣ್ಣಿ ಕಾಲ ಬಳಿ ಉರುಳಿ ಬಂದಿದ್ದ ಒಂದು ಉಳ್ಳಾಗಡ್ಡಿಯನ್ನು ಎತ್ತಿ ರಾಶಿಗೆ ಹಾಕಿದಳು.

"ಸಿಂದಗಿ ಹುಡುಗಗ ಗಂಡಮಗ ಹುಟ್ಯಾನಂತ," ಎಂದಳು ತಾಯಿ. ಮಗಳ ಕೈಯಿಂದ ಚೀಲ ತೆಗೆದುಕೊಂಡು ಒಳಗೆ ಹೋದಳು. ನೀರು ಕೊಡಲು ಮರೆತಳೋ, ಬೇಡವೆಂದೇ ಬಿಟ್ಟಳೋ ನನಗೆ ಗೊತ್ತಾಗಲಿಲ್ಲ. ಆ ಮನೆಯಲ್ಲಿ ಅದುವರೆಗೆ ನೀರು ಕುಡಿಯದೆ ನಾವು ಎದ್ದಿರಲಿಲ್ಲ.

ಆಮೇಲೆ ನೆಗೆಣ್ಣಿ ಎಷ್ಟೋ ಕಡೆ ಫೋನು ಮಾಡಿದಳು. ಹುಡುಗಿಗಾಗಿ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಕಾಲೇಜಿನಲ್ಲಿ ಕೇಳಿದಳು, ತನಗಾಗಿ ಎಲ್ಲಿಯೂ ಕೇಳಲಿಲ್ಲ. ಎಲ್ಲರೂ ನೋಡೋಣ ಎಂದರು. ಮಾಳಿಗೆಯಿಂದ ಯಂತ್ರಗಳು ರಟ್ಟಿನ ಡಬ್ಬಿಗಳಲ್ಲಿ ಇಳಿದು ಹೋದವು. ಬೆಳಗಿನ ರೊಟ್ಟಿಗೆ ಈಗ ನಾವಿಬ್ಬರೂ ಕೂರುತ್ತೇವೆ. ಸ್ಟೀಲಿನ ಬಾಟಲಿಯಲ್ಲಿ ಅತ್ತೆ ಮಜ್ಜಿಗೆ ತುಂಬಿ ಹೊಲಕ್ಕೆ ಕಳಿಸುತ್ತಾರೆ.

ಹೋದ ವಾರ ಹುಡುಗಿಯ ತಾಯಿ ಬಂದಳು, ಜೊತೆಗೆ ಅವಳ ಓರಗಿತ್ತಿ. ಕೈಯಲ್ಲಿ ಲಗ್ನದ ಚೀಟಿ, ಕುಂಕುಮದ ಬಟ್ಟಲು. ಗಂಡು ಇಂಡಿ ಕಡೆಯವನು, ಎರಡನೇ ಸಂಬಂಧ, ಮೊದಲಿನ ಹೆಂಡತಿಯಿಂದ ಒಂದು ಮಗು ಇದೆ. ಅವಳು ಅದನ್ನೆಲ್ಲ ನೆಲ ನೋಡಿಕೊಂಡೇ ಹೇಳಿದಳು. ನಮ್ಮಲ್ಲಿ ಲಗ್ನಕ್ಕೆ ಕರೆಯಲು ಬಂದವರು ಮನೆಯ ಮುತ್ತೈದೆಯರಿಗೆಲ್ಲ ಕುಂಕುಮ ಹಚ್ಚಿ ಕರೆಯಬೇಕು. ಬಟ್ಟಲಿನ ಮುಚ್ಚಳ ತೆಗೆದು ಅತ್ತೆಗೆ ಹಚ್ಚಿದಳು, ನನಗೆ ಹಚ್ಚಿದಳು. ನೆಗೆಣ್ಣಿ ನನ್ನ ಪಕ್ಕದಲ್ಲೇ ನಿಂತಿದ್ದಳು. ಅವಳನ್ನು ಬಿಟ್ಟು ತಾಯಿ ಬಟ್ಟಲಿನ ಮುಚ್ಚಳ ಮುಚ್ಚಿದಳು.

ಚಹಾ ತಂದು ಕೊಟ್ಟವಳೂ ನೆಗೆಣ್ಣಿಯೇ. ಕುಡಿದರು. ಹೊರಡುವಾಗ ಅವಳು ಬಾಗಿಲವರೆಗೆ ಹೋಗಿ ಕೇಳಿದಳು: "ಪುಸ್ತಕ ಒಯ್ತಾಳೇನ್ರಿ ಕಾಕೂ, ಅತ್ತೀ ಮನಿಗಿ?"

"ಯಾವ ಪುಸ್ತಕ?" ಎಂದಳು ತಾಯಿ, ಚಪ್ಪಲಿ ಮೆಟ್ಟುತ್ತ.

ಅವರು ಓಣಿ ದಾಟಿದ ಮೇಲೆ ನಾನು ಲೋಟ ತೊಳೆಯಲು ಬಚ್ಚಲಿಗೆ ಹೋದೆ. ಅಲ್ಲಿಯ ಕನ್ನಡಿಗೆ ನೆಗೆಣ್ಣಿ ಹಣೆಗಿಡುವ ಟಿಕಳಿ ಅಂಟಿಕೊಂಡಿತ್ತು. ಬಾಗಿಲಲ್ಲಿ ಅವರ ದನಿ ಕೇಳಿದ ಕೂಡಲೇ ಅವಳು ಓಡಿ ಬಂದು ಮುಖ ತೊಳೆದು, ಹಣೆಯ ಟಿಕಳಿ ಕಿತ್ತು ಅಲ್ಲಿ ಅಂಟಿಸಿ, ಕುಂಕುಮಕ್ಕೆ ಜಾಗ ಮಾಡಿಕೊಂಡು ಹೋಗಿದ್ದಳು. ಮುತ್ತೈದೆ ಬರಿ ಹಣೆಯಲ್ಲಿ ಇದ್ದರೆ ಅತ್ತೆ ಒಂದು ಕ್ಷಣವೂ ಸಹಿಸುವವರಲ್ಲ. ಅಂದು ದೀಪ ಹಚ್ಚುವ ಹೊತ್ತಿನ ತನಕ ಅವಳು ಹಾಗೇ ಓಡಾಡಿದಳು. ಅತ್ತೆ ಒಮ್ಮೆ ಅವಳ ಮುಖ ನೋಡಿದರು, ಮತ್ತೆ ದೀಪದ ಬತ್ತಿ ಹೊಸೆಯತೊಡಗಿದರು.