ಶುಕ್ರವಾರದ ಕೆಸುವಿನ ಎಲೆ

ಈ ಬರಹದ ಮೂಲಕ ಓದುಗರಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಬಂಟ್ವಾಳ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕಿಯಾಗಿ ಕಾರ್ಯನಿರ್ವಹಿಸುತ್ತಿದ್ದೇನೆ. ರಜೆ ಅರ್ಜಿ ಮತ್ತು ಬಣ್ಣ, ಹಾಳೆಗಳ ಬೇಡಿಕೆ ಪತ್ರಗಳ ಹೊರತಾಗಿ ಇದುವರೆಗೆ ಏನನ್ನೂ ಬರೆದವಳಲ್ಲ. ಪ್ರಸ್ತುತ ವಿಷಯವು ನನ್ನ ಒಂಬತ್ತನೇ ತರಗತಿಯ ಒಬ್ಬ ಹುಡುಗನಿಗೆ ಸಂಬಂಧಿಸಿದ್ದಾಗಿರುತ್ತದೆ.

ನಮ್ಮಲ್ಲಿ ಚಿತ್ರಕಲೆಯ ಅವಧಿ ಶುಕ್ರವಾರ, ಊಟದ ಬಳಿಕ. ಮೂಡುಬಿದಿರೆಯ ಕೇಂದ್ರದಲ್ಲಿ ನಡೆಯುವ ಲೋವರ್ ಗ್ರೇಡ್ ಚಿತ್ರಕಲಾ ಪರೀಕ್ಷೆಗೆ ಯಾರನ್ನು ಕಳುಹಿಸಬೇಕೆಂಬುದನ್ನು ಈ ಅವಧಿಯ ನಿಸರ್ಗ ಚಿತ್ರಗಳನ್ನು ನೋಡಿಯೇ ನಾನು ನಿರ್ಧರಿಸುವುದು. ಶಾಲೆ ಶುರುವಾದ ವಾರದಲ್ಲೇ ಆ ಹುಡುಗ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದ್ದ.

"ಟೀಚರ್, ಈ ಸರ್ತಿ ನನ್ನನ್ನೂ ಮೂಡುಬಿದ್ರೆಗೆ ಕರ್ಕೊಂಡು ಹೋಗ್ತೀರಾ?"

"ಎದುರಿಗೆ ಏನು ಉಂಟೋ ಅದನ್ನು ಸರಿಯಾಗಿ ನೋಡಿ ಬಿಡಿಸು. ಖಂಡಿತ ಕರ್ಕೊಂಡು ಹೋಗ್ತೇನೆ."

ಆ ಮಳೆಗಾಲದಲ್ಲಿ ಮಾದರಿಯಾಗಿ ಇಡುತ್ತಿದ್ದುದು ಶಾಲೆಯ ಹಿಂದೆ ದಂಡಿಯಾಗಿ ಬೆಳೆಯುವ ಕೆಸುವಿನ ಎಲೆಯನ್ನು. ನರಗಳು ಸ್ಪಷ್ಟ, ಆಕಾರ ಸುಲಭ. ದಂಟು ಸಮೇತ ಕೊಯ್ದು ಮೇಜಿನ ಮೇಲಿನ ಖಾಲಿ ಬಾಟಲಿಗೆ ಸಿಕ್ಕಿಸಿದೊಡನೆ ಮಕ್ಕಳು ಹೊರರೇಖೆ ಎಳೆಯಲು ತೊಡಗುತ್ತಿದ್ದರು. ಜುಮಾ ನಮಾಜಿಗೆ ಮಸೀದಿಗೆ ಹೋದ ಹುಡುಗರು ಬರುವಾಗ ಅವಧಿಯ ಅರ್ಧ ಕಳೆದಿರುತ್ತಿತ್ತು. ಅವರು ಸದ್ದಿಲ್ಲದೆ ಬಂದು ಕುಳಿತು, ಪಕ್ಕದವರ ಹಾಳೆಯನ್ನು ಓರೆಗಣ್ಣಿನಲ್ಲಿ ನೋಡಿ ಗಡಿಬಿಡಿಯಲ್ಲಿ ಮುಗಿಸುತ್ತಿದ್ದರು. ಅವರಲ್ಲಿ ಈ ಹುಡುಗನೊಬ್ಬ ಮಾತ್ರ ಯಾರ ಹಾಳೆಯನ್ನೂ ನೋಡುತ್ತಿರಲಿಲ್ಲ. ಅವನ ಎಲೆ ಪ್ರತಿ ವಾರವೂ ಜೋತು ಬಿದ್ದಿರುತ್ತಿತ್ತು. ಅಂಚು ಒಳಕ್ಕೆ ಮಡಚಿಕೊಂಡು, ತುದಿ ನೆಲ ನೋಡುತ್ತಿತ್ತು.

ಒಂದು ಶುಕ್ರವಾರ ಅವನ ಹಾಳೆಯನ್ನು ತರಗತಿಗೆ ಎತ್ತಿ ಹಿಡಿದು ಕೇಳಿದೆ. "ಇದು ಕೆಸುವಾ, ಇಲ್ಲ ಹಗ್ಗಕ್ಕೆ ಹಾಕಿದ, ನೀರು ಸೋರುವ ಚಂಡಿ ಬಟ್ಟೆಯಾ?"

"ಪತ್ರೊಡೆ ಸುತ್ತಲಿಕ್ಕೆ ಸಹ ಆಗ್ಲಿಕ್ಕಿಲ್ಲ ಟೀಚರ್!" ಎಂದಳು ಮುಂದಿನ ಬೆಂಚಿನ ಹುಡುಗಿ. ತರಗತಿಗೆ ತರಗತಿಯೇ ನಕ್ಕಿತು. ನಾನೂ ನಕ್ಕೆ. ಪಕ್ಕದವರದನ್ನು ನಕಲು ಮಾಡಿದವರಿಗೆ ಒಳ್ಳೆಯ ಅಂಕ, ಇವನಿಗೆ ಕಡಿಮೆ. ಪರೀಕ್ಷೆಗೆ ಹೆಸರುಗಳನ್ನು ಕಳುಹಿಸುವಾಗ ಅವನ ಹೆಸರನ್ನು ಸೇರಿಸಲಿಲ್ಲ.

ಮರುವಾರ ಅವನ ಎಲೆ ಮತ್ತೆ ಹಾಗೆಯೇ ಜೋತು ಬಿದ್ದಿತ್ತು. "ಏಳು, ನಾನು ತೋರಿಸ್ತೇನೆ" ಎಂದು ಅವನನ್ನು ಎಬ್ಬಿಸಿ ಅವನ ಜಾಗದಲ್ಲಿ ಕುಳಿತೆ. ಪೆನ್ಸಿಲ್ ಹಿಡಿದು ತಲೆ ಎತ್ತಿ ಮೇಜಿನ ಕಡೆ ನೋಡಿದೆ.

ಬಾಟಲಿಯಲ್ಲಿದ್ದ ಎಲೆ ಬಾಡಿ ಜೋತು ಬಿದ್ದಿತ್ತು. ಅಂಚು ಒಳಕ್ಕೆ ಮಡಚಿಕೊಂಡಿತ್ತು, ತುದಿ ನೆಲ ನೋಡುತ್ತಿತ್ತು. ಕೊಯ್ದ ಕೆಸು ನೀರಿಲ್ಲದೆ ಸ್ವಲ್ಪ ಹೊತ್ತಿನಲ್ಲೇ ಬಾಡುತ್ತದೆಂಬುದು ಅಡುಗೆಮನೆ ಕಂಡ ಯಾರಿಗಾದರೂ ಗೊತ್ತು, ನನಗೂ ಗೊತ್ತಿತ್ತು. ಆದರೆ ಎಲೆ ಇಟ್ಟ ಬಳಿಕ ನಾನು ಮಕ್ಕಳ ಹಾಳೆಗಳನ್ನು ನೋಡುತ್ತಿದ್ದೆನೇ ಹೊರತು, ಮತ್ತೊಮ್ಮೆ ಎಲೆಯನ್ನು ನೋಡಿರಲಿಲ್ಲ. ಮೊದಲೇ ಕುಳಿತವರು ಹೊರರೇಖೆ ಎಳೆದದ್ದು ಅದು ನೆಟ್ಟಗಿದ್ದಾಗ; ಬಾಡಿದ ಮೇಲೆ ಅದನ್ನು ನೋಡಿ ಬಿಡಿಸಿದವನು ಇಡೀ ಕೋಣೆಯಲ್ಲಿ ಅವನೊಬ್ಬನೇ.

ಪೆನ್ಸಿಲ್ ಕೆಳಗಿಟ್ಟು ಎದ್ದೆ. ಸಂಜೆ ಹೆಡ್‌ಮಾಸ್ಟರರ ಬಳಿ ಹೋಗಿ, ಒಂದು ಹೆಸರು ಸೇರಿಸಬೇಕಿತ್ತೆಂದು ವಿನಂತಿಸಿದೆ.

"ಪಟ್ಟಿ ಹೋಗಿ ಆಯ್ತಲ್ಲ ಟೀಚರ್. ಮುಂದಿನ ವರ್ಷ ನೋಡುವ."

"ಮುಂದಿನ ವರ್ಷ ಅವನು ಹತ್ತನೇ, ಸರ್."

"ಹಾಗಾದ್ರೆ ಮುಗೀತು. ಹತ್ತನೇಯವರನ್ನು ಡ್ರಾಯಿಂಗಿಗೆ ಕಳಿಸಿದ್ರೆ ಗಣಿತದವರು ನನ್ನನ್ನು ಬಿಡ್ತಾರಾ ಮಾರಾಯ್ರೆ?"

ನಕ್ಕದ್ದು ತರಗತಿಯ ಎದುರು. ಆದ್ದರಿಂದ ಮುಂದಿನ ಶುಕ್ರವಾರ ತರಗತಿಯ ಎದುರೇ ಹೇಳಿದೆ: ತಪ್ಪು ನನ್ನದು, ಅವನ ಎಲೆ ಸರಿಯಾಗಿತ್ತು. ಹಿಂದಿನ ಅಂಕಗಳನ್ನೂ ತಿದ್ದಿದೆ. ಅವನು ಕಿವಿ ಕೆಂಪು ಮಾಡಿಕೊಂಡು ತಲೆ ತಗ್ಗಿಸಿದ. ನಗೆಗೀಡಾದ ದಿನಕ್ಕಿಂತಲೂ ಹೆಚ್ಚು ಕುಗ್ಗಿದಂತೆ ಕಂಡ. "ಮೂಡುಬಿದ್ರೆ?" ಎಂದು ಯಾರೋ ಕೇಳಿದರು. ಈ ವರ್ಷಕ್ಕೆ ಆಗುವುದಿಲ್ಲವೆಂದು ಹೇಳಿದೆ.

ಈಗ ಮಸೀದಿಗೆ ಹೋದವರು ಬಂದು ಕುಳಿತ ಬಳಿಕವೇ ಎಲೆ ಕೊಯ್ಯುತ್ತೇನೆ. ಬಾಟಲಿಗೆ ನೀರನ್ನೂ ಹಾಕುತ್ತೇನೆ. ಅವನ ಹಾಳೆಯಲ್ಲಿಯೂ ಎಲೆ ನೆಟ್ಟಗೆ ನಿಲ್ಲುತ್ತದೆ. ಆದರೆ ಒಂದು ಗೆರೆ ಎಳೆದವನು ಪಕ್ಕದ ಹಾಳೆಯನ್ನು ನೋಡುತ್ತಾನೆ, ಆಮೇಲೆ ನನ್ನ ಮುಖವನ್ನು. ಎಲೆಯ ಕಡೆ ನೋಡುವುದೇ ಕಡಿಮೆ. ಮೊನ್ನೆ ಅರ್ಧಕ್ಕೆ ನಿಲ್ಲಿಸಿ, ಹಾಳೆ ಹಿಡಿದುಕೊಂಡು ಮೇಜಿನವರೆಗೆ ಬಂದ.

"ಟೀಚರ್, ಎಲೆ ಇಷ್ಟು ಬಗ್ಗಿದ್ರೆ ಸಾಕಾ? ನೀವು ಹೇಳಿ, ಹಾಗೆ ಮಾಡ್ತೇನೆ."